ಹಿಂದಕ್ಕೆ ಬಿದ್ದ ಭಾರ

ಸೌದಿ ಅರೇಬಿಯಾದ ಉನೈಜಾ ಊರಿನ ಹೊರಗೆ ಗ್ಯಾರೇಜುಗಳೇ ತುಂಬಿರುವ ಬೀದಿಗೆ ಹೋಗಿ ಸ್ಯಾಮ್ಸನ್ ಕ್ವಾಡ್ರಸ್ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಮುಅಲ್ಲಿಂ ಶಂಶೂನ್, ಅಂದರೆ ಸ್ಯಾಮ್ಸನ್ ಮೇಸ್ತ್ರಿ, ಎಂದು ಕೇಳಬೇಕು. ಆಗ ಪಂಕ್ಚರ್ ಹಾಕುವ ಬಂಗಾಳಿಯಿಂದ ಹಿಡಿದು ಚಹಾ ಮಾರುವ ಯೆಮನಿಯವರೆಗೆ ಎಲ್ಲರೂ ಬೀದಿಯ ಕೊನೆಯ ಷೆಡ್ಡಿನ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿ ಯಾವುದೋ ಟ್ರೇಲರಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿರುತ್ತವೆ. ಅದೇ ಸ್ಯಾಮ್ಸನ್.

ಉಡುಪಿಯ ಹತ್ತಿರದ ಶಂಕರಪುರದವನು. ಮೊದಲು ಜುಬೈಲ್‌ನಲ್ಲಿ, ಕಂಪನಿಯ ಕ್ಯಾಂಪು, ಕಂಪನಿಯ ಬಸ್ಸು, ಕಂಪನಿಯ ಊಟ ಎಂದು ಹತ್ತು ವರ್ಷ ಕಳೆದ. ಹೆಂಡತಿ ಬರ್ನಾಡೆಟ್‌ಗೆ ಉನೈಜಾದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದ ಮೇಲೆ ಅವನೂ ಅಲ್ಲಿಗೇ ಬಂದು ಈ ಷೆಡ್ಡು ಸೇರಿದ. ಮಗಳು ವೆನಿಸ್ಸಾ ಮದುವೆಯಾಗಿ ರಾಬಿಗ್‌ನಲ್ಲಿದ್ದಾಳೆ. ವಯಸ್ಸು ಐವತ್ತನಾಲ್ಕಾದರೂ ಸ್ಯಾಮ್ಸನ್‌ನ ತೋಳು ಇನ್ನೂ ಕಬ್ಬಿಣದ ಹಾಗೆ ಇತ್ತು.

ಚಳಿ ಶುರುವಾಯಿತೆಂದರೆ ಆ ಊರಿನವರಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಮರಳುಗಾಡಿನಲ್ಲಿ ಡೇರೆ ಹಾಕಿ, ಬೆಂಕಿ ಮಾಡಿ, ಮರಳ ದಿಬ್ಬಗಳ ಮೇಲೆ ನಾಲ್ಕು ಚಕ್ರದ ಬೈಕು ಓಡಿಸಿ ಎರಡು ಮೂರು ದಿನ ಇದ್ದು ಬರಬೇಕು. ಆ ಬೈಕಿಗೆ ಅವರು ದಬ್ಬಾಬ್ ಎನ್ನುತ್ತಾರೆ. ಮಲಗುವ ಹಲಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಇರುವ ಕ್ಯಾಂಪಿಂಗ್ ಟ್ರೇಲರನ್ನೂ ಎರಡು ಮೂರು ದಬ್ಬಾಬ್‌ಗಳನ್ನೂ ಒಟ್ಟಿಗೆ ಎಳೆದುಕೊಂಡು ಹೋಗುವುದು ನೋಡಿದಷ್ಟು ಸುಲಭವಲ್ಲ. ಅದು ಸ್ಯಾಮ್ಸನ್‌ನ ಕೆಲಸ. ಪಿಕಪ್ಪಿನ ಹಿಂದಿನ ತೊಟ್ಟಿಗೆ ದಬ್ಬಾಬ್‌ಗಳನ್ನು ಹತ್ತಿಸಿ, ಪಟ್ಟಿ ಬಿಗಿದು, ಟ್ರೇಲರನ್ನು ಕೊಂಡಿಗೆ ಸಿಕ್ಕಿಸಿ, ನೂರು ಕಿಲೋಮೀಟರ್ ದೂರದ ಮರಳಿನವರೆಗೆ ಒಯ್ದು ನಿಲ್ಲಿಸಿ ಬರುತ್ತಿದ್ದ. ಇಪ್ಪತ್ತು ಚಳಿಗಾಲ ಕಳೆದರೂ ಒಂದು ಹಗ್ಗ ಸಡಿಲವಾಗಿರಲಿಲ್ಲ.

ರಘುನಂದನ್ ಅವನ ಷೆಡ್ಡಿಗೆ ಬಂದದ್ದು ಕನ್ನಡ ಕೇಳಿ. ಸ್ಯಾಮ್ಸನ್ ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಬೈಯುತ್ತಿದ್ದ. ರಸ್ತೆಯಲ್ಲಿ ಹೋಗುತ್ತಿದ್ದ ದೊಡ್ಡ ಕಾರು ನಿಂತು ಹಿಂದಕ್ಕೆ ಬಂತು.

"ಯಾವೂರ್ರೀ ನಿಮ್ದು?" ಎಂದು ಕಿಟಕಿಯಿಂದ ನಗುವ ಮುಖವೊಂದು ಕೇಳಿತು.

"ಉಡುಪಿ ಹತ್ರ. ನೀವು?"

"ಮೈಸೂರು! ಎರಡು ವರ್ಷ ಆಯ್ತು ಈ ಊರಲ್ಲಿ, ಅಂಗಡೀಲಿ ಬೀದೀಲಿ ಒಂದು ಕನ್ನಡ ಕಿವಿಗೆ ಬಿದ್ದಿದ್ದು ಇವತ್ತೇ ಕಣ್ರೀ!"

ಖರ್ಜೂರ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಹೆಂಡತಿ ಚಂದ್ರಮತಿ, ಆರನೇ ಕ್ಲಾಸಿನ ಮಗಳು ಸಿಂಚನಾ. ಗಲಗಲ ಮಾತಿನ, ಯಾವುದಕ್ಕೂ ತಟ್ಟನೆ ಮರುಳಾಗುವ ಮನುಷ್ಯ. ಷೆಡ್ಡಿನ ಮೂಲೆಯಲ್ಲಿದ್ದ ಒಂದು ಹಳೆಯ ಟ್ರೇಲರ್ ಕಣ್ಣಿಗೆ ಬಿದ್ದದ್ದೇ, ಅದು ತನಗೇ ಬೇಕೆಂದು ಕೂತ. ಆಮೇಲೆ ಒಂದು ಸಣ್ಣ ದಬ್ಬಾಬ್ ಬಂತು. ಎಳೆಯುವುದು ಹೇಗೆಂದು ಕಲಿಸಿದವನು ಸ್ಯಾಮ್ಸನ್.

"ಸರ್, ಇಷ್ಟೇ ನೆನಪಿಟ್ಟುಕೊಳ್ಳಿ. ಟ್ರೇಲರಿಗೆ ಮೂಗಿನ ಮೇಲೆ ಭಾರ ಇರ್ಬೇಕು, ಬಾಲ ಹಗುರ ಇರ್ಬೇಕು. ಚಕ್ರಕ್ಕಿಂತ ಮುಂದೆ ಆರು ಪಾಲು, ಹಿಂದೆ ನಾಲ್ಕು ಪಾಲು. ಉಲ್ಟಾ ಆದ್ರೆ ರೋಡಲ್ಲಿ ಅದು ಬಾಲ ಅಲ್ಲಾಡಿಸ್ಲಿಕ್ಕೆ ಶುರು ಮಾಡ್ತದೆ. ಒಮ್ಮೆ ಶುರು ಆದ್ರೆ ಬ್ರೇಕ್ ಒತ್ತಿದ್ರೂ ನಿಲ್ಲುದಿಲ್ಲ, ಇನ್ನೂ ಜೋರಾಗ್ತದೆ."

"ಅಲ್ಲಾಡಿದ್ರೆ ಏನ್ಮಾಡ್ಬೇಕು?"

"ಅಲ್ಲಾಡದ ಹಾಗೆ ತುಂಬ್ಬೇಕು ಮಾರಾಯ್ರೆ!"

ಎರಡು ಚಳಿಗಾಲ ಹಾಗೆ ನಡೆಯಿತು. ರಘುನಂದನ್ ಪ್ರತಿ ಸಲ ಹೊರಡುವ ಮೊದಲು ಷೆಡ್ಡಿನ ಮುಂದೆ ಗಾಡಿ ನಿಲ್ಲಿಸುತ್ತಿದ್ದ. ಸ್ಯಾಮ್ಸನ್ ಒಂದು ಸುತ್ತು ಬಂದು, ಕೊಂಡಿಯನ್ನು ಕೈಯಿಂದ ಎತ್ತಿ ನೋಡಿ, ಪಟ್ಟಿಗಳನ್ನು ಎಳೆದು, "ಹೋಗಿ ಬನ್ನಿ" ಎನ್ನುತ್ತಿದ್ದ. ಕೆಲವೊಮ್ಮೆ ಸ್ಯಾಮ್ಸನ್ ಬರ್ನಾಡೆಟ್ ಇಬ್ಬರೂ ಅವರ ಜೊತೆ ಹೋದದ್ದುಂಟು. ಬರ್ನಾಡೆಟ್‌ಗೂ ಚಂದ್ರಮತಿಗೂ ಚೆನ್ನಾಗಿ ಹೊಂದಿತು.

ಮೂರನೆಯ ಚಳಿಗಾಲದ ಡಿಸೆಂಬರಿನಲ್ಲಿ ಒಂದು ಶುಕ್ರವಾರ ರಘುನಂದನ್ ತನ್ನ ಆಫೀಸಿನ ಮೂವರನ್ನು ಮರಳಿಗೆ ಕರೆದಿದ್ದ. ಸ್ಯಾಮ್ಸನ್‌ನನ್ನೂ ಬರ್ನಾಡೆಟ್‌ಳನ್ನೂ ಕರೆದಿದ್ದ. ಬರ್ನಾಡೆಟ್ ರಜೆ ಹಾಕಿ, ಬೆಳಗ್ಗೆ ಬೇಗ ಎದ್ದು ಇಡ್ಲಿಯಂಥ ಸನ್ನ ಬೇಯಿಸಿ, ಕೋಳಿ ಸಾರು ಮಾಡಿ, ದೊಡ್ಡ ಡಬ್ಬಿಯಲ್ಲಿ ತಂದಿದ್ದಳು. ಸ್ಯಾಮ್ಸನ್ ಇಸ್ತ್ರಿ ಹಾಕಿದ ಷರ್ಟು ತೊಟ್ಟಿದ್ದ. ಎಲ್ಲರೂ ಚಾಪೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದಾಗ ಆಫೀಸಿನವನೊಬ್ಬ ಸ್ಯಾಮ್ಸನ್ ಕಡೆ ನೋಡಿ ಇವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅವರಾ? ನಮ್ಮ ಡ್ರೈವರ್. ತುಂಬಾ ನಂಬಿಕಸ್ಥ," ಎಂದು ರಘುನಂದನ್ ಅದೇ ಭಾಷೆಯಲ್ಲಿ ಹೇಳಿ, ಇನ್ನೊಂದು ಮಾತಿಗೆ ಹೋದ. ಸ್ವಲ್ಪ ಹೊತ್ತಿಗೆ, "ಸ್ಯಾಮ್ಸನ್, ಆ ಜನರೇಟರ್ ಯಾಕೋ ಕೆಮ್ತಿದೆ, ಸ್ವಲ್ಪ ನೋಡಿ," ಎಂದ.

ಸ್ಯಾಮ್ಸನ್ ಎದ್ದು ಹೋಗಿ ಜನರೇಟರ್ ಸರಿ ಮಾಡಿದ. ಮನೆಗೆ ಬರುವ ದಾರಿಯಲ್ಲಿ ಬರ್ನಾಡೆಟ್, "ಅವರು ಬೇಕಂತ ಹೇಳಿದ್ದಲ್ಲ ಸ್ಯಾಮ್," ಎಂದಳು.

"ಬೇಕಂತ ಹೇಳಿದ್ರೆ ಬೇಜಾರಿರ್ಲಿಲ್ಲ," ಎಂದ ಸ್ಯಾಮ್ಸನ್.

ಅಂದಿನಿಂದ ಅವನು ಸ್ವಲ್ಪ ದೂರವಾದ. ಫೋನ್ ಬಂದರೆ ಎತ್ತುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು, ಅಷ್ಟೇ. ರಘುನಂದನ್‌ಗೆ ಅದು ಗೊತ್ತಾಗಲೇ ಇಲ್ಲ. ಅವನು ಹಳೆಯ ದಬ್ಬಾಬ್ ಮಾರಿ ದೊಡ್ಡದೊಂದನ್ನು ಕೊಂಡ ಸುದ್ದಿಯೂ ಸ್ಯಾಮ್ಸನ್‌ಗೆ ಬೇರೆ ಯಾರಿಂದಲೋ ತಿಳಿಯಿತು.

ಜನವರಿಯ ಒಂದು ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಸ್ಯಾಮ್ಸನ್ ಟ್ರೇಲರೊಂದರ ಅಡಿಯಲ್ಲಿ ಮಲಗಿ ಬೇರಿಂಗ್ ಬದಲಾಯಿಸುತ್ತಿದ್ದ. ಜೇಬಿನಲ್ಲಿ ಫೋನ್ ನಡುಗಿತು. ಗ್ರೀಸ್ ಹತ್ತದ ಬೆರಳಿನ ಗೆಣ್ಣಿನಿಂದ ತೆರೆದ. ರಘುನಂದನ್ ಒಂದು ಫೋಟೊ ಕಳಿಸಿದ್ದ. ಕೆಳಗೆ ಬರೆದಿದ್ದ: 'ಹೊಸ ದಬ್ಬಾಬ್ ಟ್ರೇಲರ್ ಮುಂದೆ ಹಿಡೀಲಿಲ್ಲ. ಹಿಂದೆ ಹಾಕಿದ್ದೀನಿ. ಸರಿ ಇದೆ ಅಲ್ವಾ?'

ಓದಲಿಲ್ಲ ಎಂದು ಸ್ಯಾಮ್ಸನ್ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಆದರೆ ಓದಿದ್ದ. ಸರಿ ಇಲ್ಲ ಎಂದರೆ, 'ಹಾಗಾದ್ರೆ ಬಂದು ಸರಿ ಮಾಡಿ' ಅನ್ನುತ್ತಾರೆ, ಡ್ರೈವರನ್ನು ಕರೆಯುವ ಹಾಗೆ ಕರೆಯುತ್ತಾರೆ ಎಂಬ ಯೋಚನೆ ಒಂದು ಕ್ಷಣ ತಲೆಯಲ್ಲಿ ಹಾದುಹೋಗಿತ್ತು. ಫೋಟೊವನ್ನು ದೊಡ್ಡದು ಮಾಡಿ ನೋಡಲಿಲ್ಲ. ಹೆಬ್ಬೆರಳು ಎತ್ತಿದ ಚಿತ್ರವೊಂದನ್ನು ಒತ್ತಿ, ಫೋನನ್ನು ಜೇಬಿಗೆ ತುರುಕಿ, ಮತ್ತೆ ಬೇರಿಂಗ್‌ಗೆ ಕೈ ಹಾಕಿದ.

ಹನ್ನೆರಡೂವರೆಗೆ ಬರ್ನಾಡೆಟ್ ಫೋನ್ ಮಾಡಿದಳು. ಅವಳು ತುರ್ತು ವಿಭಾಗದಲ್ಲಿದ್ದಳು. ಅವಳ ದನಿ ಡ್ಯೂಟಿಯಲ್ಲಿದ್ದಾಗ ಇರುವಂತೆ ನೇರವಾಗಿತ್ತು.

"ಸ್ಯಾಮ್, ನೀನು ಈಗ್ಲೇ ಬರ್ಬೇಕು. ಚಂದ್ರಮತಿ, ಮಗು ಇಲ್ಲಿದ್ದಾರೆ. ಮಗುವಿನ ಕೈ ಮುರಿದಿದೆ. ಅಮ್ಮನಿಗೆ ಜಾಸ್ತಿ ಎಂತ ಇಲ್ಲ."

"ಸರ್?"

"ಅವರನ್ನು ತರುವಾಗ್ಲೇ ಇರ್ಲಿಲ್ಲ," ಎಂದಳು.

ಆಸ್ಪತ್ರೆಯ ಎದುರು ಪಿಕಪ್ ನಿಲ್ಲಿಸಿ, ಇಳಿಯುವ ಮೊದಲು ಸ್ಯಾಮ್ಸನ್ ಫೋನ್ ತೆಗೆದು ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದ. ನೋಡಲು ಬಹಳ ಹೊತ್ತು ಬೇಕಾಗಲಿಲ್ಲ. ಮಡಚುವ ಕುರ್ಚಿ ಇಡಲೆಂದು ಟ್ರೇಲರಿನ ಹಿಂದೆ ಇದ್ದ ಹಲಗೆಯ ಮೇಲೆ ಅಷ್ಟು ದೊಡ್ಡ ದಬ್ಬಾಬ್ ಕೂತಿತ್ತು. ಅದರ ಪಕ್ಕದಲ್ಲಿ ನೀರಿನ ನಾಲ್ಕು ಕ್ಯಾನು, ಜನರೇಟರ್. ಮುಂದಿನ ಪೆಟ್ಟಿಗೆ ಖಾಲಿ. ಟ್ರೇಲರಿನ ಹಿಂಭಾಗ ನೆಲಕ್ಕೆ ಕುಸಿದು, ಕಾರಿನ ಹಿಂಭಾಗ ಮೇಲಕ್ಕೆದ್ದಿತ್ತು. ಷೆಡ್ಡಿಗೆ ನಿನ್ನೆ ಸೇರಿದವನೂ ಇದನ್ನು ನೋಡಿ ನಿಲ್ಲಿಸಿ ಎನ್ನುತ್ತಿದ್ದ.

ನಡೆದದ್ದು ಆಮೇಲೆ ಗೊತ್ತಾಯಿತು. ಊರಿನಿಂದ ಅರವತ್ತು ಕಿಲೋಮೀಟರ್ ಆಚೆ, ನೇರವಾದ ರಸ್ತೆಯ ಸಣ್ಣದೊಂದು ಇಳಿಜಾರಿನಲ್ಲಿ ಒಂದು ದೊಡ್ಡ ಲಾರಿ ಅವರನ್ನು ದಾಟಿ ಮುಂದೆ ಹೋಯಿತು. ಆ ಗಾಳಿಗೆ ಟ್ರೇಲರ್ ಅಲ್ಲಾಡಲು ಶುರುವಾಯಿತು. ರಘುನಂದನ್ ಬ್ರೇಕ್ ಒತ್ತಿದ.

ಐದು ದಿನದ ನಂತರ, ಟ್ರಾಫಿಕ್ ಪೊಲೀಸರ ಅಂಗಳದಿಂದ ಆ ಗಾಡಿಗಳನ್ನು ತರಲು ಷೆಡ್ಡಿನ ಯಜಮಾನ ಸ್ಯಾಮ್ಸನ್‌ನನ್ನೇ ಕಳಿಸಿದ. ಬೇರೆ ಯಾರನ್ನಾದರೂ ಕಳಿಸಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಟ್ರೇಲರ್ ಒಂದು ಪಕ್ಕಕ್ಕೆ ಹಿಂಡಿ ಹೋಗಿತ್ತು. ಒಲೆ, ತಟ್ಟೆ, ಹಾಸಿಗೆ, ಹರಿದ ಡೇರೆ ಎಲ್ಲ ಅದರೊಳಗೇ ಕಲಸಿಕೊಂಡಿದ್ದವು. ಎಲ್ಲದರ ಮೇಲೂ ಪುಳಿಯೋಗರೆಯ ಅನ್ನ ಒಣಗಿ ಅಂಟಿತ್ತು. ದಬ್ಬಾಬ್‌ಗೆ ಮಾತ್ರ ಅಂಥದ್ದೇನೂ ಆಗಿರಲಿಲ್ಲ. ಅದರ ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನೂ ಇನ್ನೂ ಬಿಚ್ಚಿರಲಿಲ್ಲ.

ಕಾಗದಕ್ಕೆ ಸಹಿ ಹಾಕಿಸಿಕೊಂಡ ಪೊಲೀಸಿನವನು, "ವೇಗ. ಎಲ್ಲರೂ ವೇಗ," ಎಂದು ತಲೆಯಾಡಿಸಿದ. "ಅಲ್ಲಾ ಯರ್ಹಮಹು, ದೇವರು ಅವನಿಗೆ ಕರುಣೆ ತೋರಲಿ."

"ಬೇರೆ ಕಾರಣ ಎಂತಾದ್ರೂ ಬರೆದಿದ್ದೀರಾ?" ಎಂದು ಸ್ಯಾಮ್ಸನ್ ತನ್ನ ಮುರುಕು ಅರಬ್ಬಿಯಲ್ಲಿ ಕೇಳಿದ.

"ವೇಗ, ಗಾಳಿ. ಖಲಾಸ್. ಯಲ್ಲಾ, ತಗೊಂಡು ಹೋಗು."

ಹಾಗೆ ಅದು ಮುಗಿಯಿತು. ಯಾರೂ ಅವನನ್ನು ಏನೂ ಕೇಳಲಿಲ್ಲ. ಸ್ಯಾಮ್ಸನ್ ಆ ಮುರಿದ ಟ್ರೇಲರನ್ನೂ ದಬ್ಬಾಬನ್ನೂ ತನ್ನ ಗಾಡಿಗೆ ಹತ್ತಿಸಿದ. ಹತ್ತಿಸುವಾಗ ಕೈ ತಾನಾಗಿಯೇ ಭಾರವಾದದ್ದನ್ನು ಮುಂದಕ್ಕೆ ತಳ್ಳಿತು. ಅದನ್ನು ಕಂಡು ಅವನು ಅಂಗಳದ ಗೋಡೆಗೆ ಒರಗಿ ಕೂತ.

ರಘುನಂದನ್‌ನ ದೇಹವನ್ನು ಊರಿಗೆ ಕಳಿಸುವ ಕಾಗದಪತ್ರಕ್ಕೆ ಮೂರು ವಾರ ಹಿಡಿಯಿತು. ಕಂಪನಿಯವನ ಜೊತೆ ಎಲ್ಲ ಕಛೇರಿಗಳಿಗೂ ಸ್ಯಾಮ್ಸನ್ ಓಡಾಡಿದ. ಬರ್ನಾಡೆಟ್ ಡ್ಯೂಟಿ ಮುಗಿಸಿ ನೇರವಾಗಿ ಚಂದ್ರಮತಿಯ ಮನೆಗೆ ಹೋಗಿ ಅಡುಗೆ ಮಾಡುತ್ತಿದ್ದಳು. ಬಂದವರೆಲ್ಲ, "ಈ ಸ್ಯಾಮ್ಸನ್ ಇಲ್ಲದಿದ್ದರೆ ಏನು ಗತಿ" ಎನ್ನುತ್ತಿದ್ದರು. ಆ ಮಾತು ಬಂದಾಗ ಚಂದ್ರಮತಿ ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಿರಲಿಲ್ಲ. ದುಃಖ ಎಂದು ಎಲ್ಲರೂ ತಿಳಿದರು.

ಊರಲ್ಲಾಗಿದ್ದರೆ ಸ್ಯಾಮ್ಸನ್ ಇಗರ್ಜಿಗೆ ಹೋಗಿ ಪಾದ್ರಿಗಳ ಮುಂದೆ ಮೊಣಕಾಲೂರಿ ಹೇಳಿಬಿಡುತ್ತಿದ್ದ. ಇಲ್ಲಿ ಇಗರ್ಜಿಯೂ ಇಲ್ಲ, ಪಾದ್ರಿಗಳೂ ಇಲ್ಲ. ರಜೆ ಸಿಗುವುದು ಮೇ ತಿಂಗಳಲ್ಲಿ. ಕೊನೆಗೆ ಒಂದು ಬೆಳಗ್ಗೆ, ತಿಂಡಿಯ ಮೇಜಿನಲ್ಲಿ, ಬರ್ನಾಡೆಟ್ ಮುಂದೆ ಫೋನ್ ಇಟ್ಟ. ಅವಳು ಫೋಟೊ ನೋಡಿದಳು, ಬರೆದದ್ದನ್ನು ಓದಿದಳು, ಅದರ ಕೆಳಗಿನ ಹೆಬ್ಬೆರಳನ್ನೂ ನೋಡಿದಳು.

"ನಾನು ಅವರಿಗೆ ಹೇಳ್ಬೇಕು," ಎಂದ.

"ಯಾಕೆ? ಅವಳಿಗೆ ಎಂತ ಉಪಕಾರ ಅದ್ರಿಂದ?" ಬರ್ನಾಡೆಟ್ ಮೊದಲ ಬಾರಿಗೆ ಸಿಟ್ಟಾದಳು. "ಗಂಡ ಸತ್ತು ಇನ್ನೂ ಮಣ್ಣಾಗ್ಲಿಲ್ಲ. ನಿನ್ನ ತಲೆ ಮೇಲಿದ್ದದ್ದನ್ನು ತೆಗೆದು ಅವಳ ತಲೆ ಮೇಲೆ ಇಡ್ತೀಯಾ? ಅವಳು ದಿನಾ ನನ್ನ ಕೈ ಹಿಡ್ಕೊಂಡು ಮಲಗ್ತಾಳೆ ಸ್ಯಾಮ್. ನಾಳೆಯಿಂದ ನನ್ನ ಕೈಯೂ ಬೇಡ ಅಂದ್ರೆ ಅವಳಿಗೆ ಇಲ್ಲಿ ಯಾರುಂಟು?"

ಸ್ಯಾಮ್ಸನ್‌ಗೆ ಅವಳು ಹೇಳಿದ್ದು ಸರಿಯೇ ಅನ್ನಿಸಿತು. ಹತ್ತು ದಿನ ಸುಮ್ಮನಿದ್ದ. ಷೆಡ್ಡಿನಲ್ಲಿ ಸ್ಪಾನರ್ ಹಿಡಿದರೆ ಯಾಕೆ ಹಿಡಿದೆ ಎಂದು ಮರೆಯುತ್ತಿತ್ತು. ಎಲ್ಲ ಕಾಗದ ಸಿಕ್ಕಿ, ನಾಳೆ ಹೊರಡುವುದು ಎಂದು ನಿಶ್ಚಯವಾದ ದಿನ ಮಧ್ಯಾಹ್ನ ನಾಲ್ಕಕ್ಕೆ ಬರ್ನಾಡೆಟ್‌ಗೂ ಹೇಳದೆ ಚಂದ್ರಮತಿಯ ಮನೆಗೆ ಹೋದ.

ನಡುಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಒಳಗಿನ ಕೋಣೆಯಲ್ಲಿ ಸಿಂಚನಾ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದಳು. ಚಂದ್ರಮತಿ ಗಂಡನ ಷರ್ಟುಗಳನ್ನು ಮಡಚುತ್ತಿದ್ದಳು.

"ಅಮ್ಮಾ, ನಿಮಗೆ ಒಂದು ವಿಷಯ ಹೇಳ್ಲಿಕ್ಕುಂಟು," ಎಂದು ಸ್ಯಾಮ್ಸನ್ ನಿಂತೇ ಶುರುಮಾಡಿದ. "ಆ ದಿನ ಬೆಳಗ್ಗೆ ಸರ್ ನನಗೆ..."

"ಗೊತ್ತು," ಎಂದಳು ಚಂದ್ರಮತಿ.

ಜೇಬಿನಿಂದ ತೆಗೆದ ಫೋನನ್ನು ಸ್ಯಾಮ್ಸನ್ ಮತ್ತೆ ಜೇಬಿಗೆ ಹಾಕಿದ.

"ಕಾರು ಹತ್ತೋಕೆ ಮುಂಚೆ ಫೋನ್ ನನಗೆ ತೋರಿಸಿದ್ರು. ಹಿಂದೆ ತುಂಬಾ ಇಳಿದಿದೆ ಕಣ್ರೀ, ಬೇಡ ಅಂತ ನಾನೇ ಹೇಳ್ತಿದ್ದೆ. 'ನೋಡು, ಸ್ಯಾಮ್ಸನ್ ಅವರೇ ಸರಿ ಇದೆ ಅಂದಿದಾರೆ' ಅಂದ್ರು. ನಿಮ್ಮ ಉತ್ತರ ನೋಡಿ ನಾನು ಸುಮ್ಮನಾದೆ." ಅವಳು ಷರ್ಟಿನ ತೋಳನ್ನು ಬಿಡಿಸಿ ಮತ್ತೆ ಮಡಚಿದಳು. "ನೀವಾಗಿ ಹೇಳ್ತೀರೋ ಇಲ್ವೋ ಅಂತ ಇಪ್ಪತ್ತು ದಿನದಿಂದ ನೋಡ್ತಾ ಇದ್ದೆ."

ಸ್ಯಾಮ್ಸನ್ ಅಲ್ಲೇ ಒಂದು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತ.

"ಯಾಕೆ ಹಾಗ್ ಮಾಡಿದ್ರಿ? ಫೋಟೊ ನೋಡಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಕೆಲಸದಲ್ಲಿದ್ದೆ, ಕಾಣಲಿಲ್ಲ ಎನ್ನಬಹುದಿತ್ತು. ಅವನು ಡಿಸೆಂಬರಿನ ಆ ಶುಕ್ರವಾರದ ಮಾತನ್ನು ಹೇಳಿದ. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಅವನಿಗೇ ನಾಚಿಕೆಯಾಯಿತು. ಒಂದು ಶಬ್ದ. ಒಂದು ಜನರೇಟರ್.

ಚಂದ್ರಮತಿ ಮಡಚಿದ ಷರ್ಟನ್ನು ಪೆಟ್ಟಿಗೆಯಲ್ಲಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡಳು.

"ಅಂದಿರ್ತಾರೆ," ಎಂದಳು ಆಮೇಲೆ. "ಅವರಿಗೆ ಅದೆಲ್ಲ ಗೊತ್ತಾಗ್ತಿರ್ಲಿಲ್ಲ. ನಾನು ಎಂಎಸ್ಸಿ ಮಾಡಿದೋಳು. ಬಂದವರ ಮುಂದೆ, 'ಇವಳೇನ್ ಮಾಡಲ್ಲ, ಮನೇಲೇ ಇರ್ತಾಳೆ' ಅನ್ನೋರು. ನಗ್ತಾ ನಗ್ತಾನೇ ಅನ್ನೋರು. ಎಷ್ಟು ಸಲ ಬೇಜಾರಾಗಿದೆಯೋ. ಆದ್ರೆ ಅದಕ್ಕೆ ಅಂತ ನಾನು..." ಅಲ್ಲಿಗೆ ನಿಲ್ಲಿಸಿದಳು. ಷರ್ಟನ್ನು ಮುಖಕ್ಕೆ ಒತ್ತಿಕೊಂಡಳು. ಸ್ಯಾಮ್ಸನ್ ಗೋಡೆ ನೋಡುತ್ತ ಕೂತ.

"ಕ್ಷಮಿಸಿದೆ ಅಂತ ನನ್ನ ಬಾಯಲ್ಲಿ ಬರ್ತಿಲ್ಲ ಸ್ಯಾಮ್ಸನ್ ಅವರೇ," ಎಂದಳು ಮುಖ ಎತ್ತಿ. "ಬರೋ ಹಾಗಿದ್ರೆ ಇಷ್ಟರಲ್ಲಿ ಬರ್ತಿತ್ತು. ಮುಂದೆ ಬರುತ್ತೋ ಏನೋ ಗೊತ್ತಿಲ್ಲ. ಬರ್ನಾಡೆಟ್‌ಗೆ ಇದೆಲ್ಲ ಹೇಳ್ಬೇಡಿ, ಅವರು ನೊಂದ್ಕೋತಾರೆ."

"ಅವಳಿಗೆ ಗೊತ್ತುಂಟು."

"ಹೌದಾ." ಅವಳು ಸ್ವಲ್ಪ ಯೋಚಿಸಿದಳು. "ನಾಳೆ ರಿಯಾದ್‌ವರೆಗೆ ನೀವೇ ಕರ್ಕೊಂಡ್ ಹೋಗಿ. ಕಂಪನಿ ಡ್ರೈವರ್ ಬೇಡ. ಸಿಂಚನಾ ಕಾರು ಅಂದ್ರೆ ನಡುಗ್ತಾಳೆ. ನಿಮ್ಮ ಜೊತೆ ಆದ್ರೆ ಕೂರ್ತಾಳೆ."

ಮರುದಿನ ನಾಲ್ಕು ಗಂಟೆಯ ದಾರಿಯನ್ನು ಸ್ಯಾಮ್ಸನ್ ಐದೂವರೆ ಗಂಟೆಯಲ್ಲಿ ಓಡಿಸಿದ. ಹಿಂದಿನ ಸೀಟಿನಲ್ಲಿ ಸಿಂಚನಾ ಬರ್ನಾಡೆಟ್‌ಳ ಮಡಿಲಲ್ಲಿ ಮುಖ ಹುದುಗಿಸಿದ್ದಳು. ಲಾರಿ ದಾಟಿದಾಗಲೆಲ್ಲ ಅವಳ ಉಸಿರು ಸಿಕ್ಕಿಕೊಳ್ಳುವುದು ಮುಂದಕ್ಕೆ ಕೇಳಿಸುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಚಂದ್ರಮತಿ ಬರ್ನಾಡೆಟ್‌ಳನ್ನು ತಬ್ಬಿಕೊಂಡಳು. ಸ್ಯಾಮ್ಸನ್ ಕಡೆ ತಿರುಗಿ ತಲೆಯನ್ನು ಒಂದಿಷ್ಟು ಬಾಗಿಸಿ ಒಳಗೆ ಹೋದಳು.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಸ್ಯಾಮ್ಸನ್ ಪಾದ್ರಿಗಳ ಮುಂದೆ ಎಲ್ಲ ಹೇಳಿದ. ದೇವರು ಕ್ಷಮಿಸುತ್ತಾನೆ ಎಂದು ಅವರು ಹೇಳಿ ಆಶೀರ್ವದಿಸಿದರು. ಅವನು ನಂಬಿದ. ಹೊರಗೆ ಬಂದು ಇಗರ್ಜಿಯ ಮೆಟ್ಟಿಲ ಮೇಲೆ ನಿಂತ. ಎದೆ ಹಗುರಾಗಿರಲಿಲ್ಲ.

ಮತ್ತೆ ಚಳಿಗಾಲ ಬಂದಾಗ ಯಜಮಾನನಿಗೆ, ಇನ್ನು ನಾನು ರಸ್ತೆಗೆ ಹೋಗುವುದಿಲ್ಲ, ಷೆಡ್ಡಿನ ಕೆಲಸ ಎಷ್ಟಿದ್ದರೂ ಮಾಡುತ್ತೇನೆ ಎಂದ. ಯಜಮಾನ ಗೊಣಗಿದರೂ ಒಪ್ಪಿದ. ಎಳೆಯುವ ಕೆಲಸಕ್ಕೆ ಒಬ್ಬ ಪಠಾಣ ಬಂದ. ಆದರೆ ಅವನ ಗಾಡಿಯಾಗಲಿ, ಗಿರಾಕಿಗಳ ಗಾಡಿಯಾಗಲಿ, ಮುಅಲ್ಲಿಂ ಸುತ್ತು ಬರದೆ ಗೇಟು ದಾಟುವಂತಿರಲಿಲ್ಲ. ಒಮ್ಮೆ ಲುಜೈನ್ ಎಂಬ ಶಾಲೆಯ ಟೀಚರ್ ತನ್ನದೇ ಕಾರಿನಲ್ಲಿ ಟ್ರೇಲರ್ ಎಳೆದುಕೊಂಡು ಅಕ್ಕತಂಗಿಯರ ಜೊತೆ ಹೊರಟಿದ್ದಳು. ಸ್ಯಾಮ್ಸನ್ ಅವಳ ಸಾಮಾನನ್ನೆಲ್ಲ ಕೆಳಗಿಳಿಸಿ ಮತ್ತೆ ತುಂಬಿಸಿದ. ಒಂದು ಗಂಟೆ ಹಿಡಿಯಿತು. "ಈ ಮುದುಕನಿಗೆ ಹುಚ್ಚು," ಎಂದು ಅವಳು ರೇಗಿಕೊಂಡೇ ಹೋದಳು.

ಜನವರಿಯಲ್ಲಿ, ವರ್ಷ ತುಂಬುವ ದಿನಕ್ಕೆ ಸ್ವಲ್ಪ ಮುಂಚೆ, ಚಂದ್ರಮತಿ ಫೋನ್ ಮಾಡಿದಳು. ಅದುವರೆಗೆ ಅವಳು ಮಾತಾಡುತ್ತಿದ್ದದ್ದು ಬರ್ನಾಡೆಟ್ ಜೊತೆ ಮಾತ್ರ. ಮೈಸೂರಿನ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಸಿಂಚನಾಳ ಕೈ ಸರಿಹೋಗಿದೆ ಎಂದೆಲ್ಲ ಬರ್ನಾಡೆಟ್ ಹೇಳುತ್ತಿದ್ದಳು.

"ನೀವು ಆ ಜಾಗಕ್ಕೆ ಹೋಗಿ ನನಗೆ ಅಲ್ಲಿಂದ ಫೋನ್ ಮಾಡ್ತೀರಾ?" ಎಂದು ಕೇಳಿದಳು. "ನನಗೆ ಅಲ್ಲಿಯದ್ದು ಏನೂ ನೆನಪಿಲ್ಲ. ಸಿಂಚನಾಗೆ ಕತ್ತಲೆ ಇತ್ತು ಅಂತ ನೆನಪು. ರಾತ್ರಿಯಾಗಿತ್ತು ಅಂತಾಳೆ. ಇಲ್ಲ ಮಗೂ, ಹಗಲು ಅಂದ್ರೆ ನಂಬಲ್ಲ. ದೀಪ ಆರಿಸಿ ಮಲಗಲ್ಲ."

ಶುಕ್ರವಾರ ಬೆಳಗ್ಗೆ ಸ್ಯಾಮ್ಸನ್ ಒಬ್ಬನೇ ಹೋದ. ಅರವತ್ತು ಕಿಲೋಮೀಟರ್ ದಾಟಿ, ಇಳಿಜಾರಿನ ಬುಡದಲ್ಲಿ ಪಿಕಪ್ ನಿಲ್ಲಿಸಿ, ಇಳಿದು ಫೋನ್ ಮಾಡಿದ. ವೀಡಿಯೊ ಬೇಡ, ಹೇಳಿ ಸಾಕು ಎಂದಳು ಚಂದ್ರಮತಿ. ಸಿಂಚನಾ ಪಕ್ಕದಲ್ಲೇ ಇದ್ದಾಳೆ, ಕೇಳಿಸಿಕೊಳ್ಳುತ್ತಾಳೆ ಎಂದಳು.

"ರಸ್ತೆ ನೇರ ಉಂಟು," ಎಂದು ಸ್ಯಾಮ್ಸನ್ ಶುರುಮಾಡಿದ. "ತಿರುವು ಎಂತ ಇಲ್ಲ. ಎಡಗಡೆ ತಂತಿಬೇಲಿ. ಅದರಾಚೆ ಮೂರು ಒಂಟೆ ಮೇಯ್ತಾ ಉಂಟು. ಒಂದು ಬಿಳಿ, ಎರಡು ಕಂದು. ಬಲಗಡೆ ಒಂದು ಮುಳ್ಳಿನ ಮರ, ಜಾಲಿ ಮರದ ಹಾಗೆ. ದೊಡ್ಡದಲ್ಲ, ನನ್ನ ತಲೆವರೆಗೆ ಬರ್ತದೆ. ಅದರಲ್ಲಿ ಒಂದು ಗೂಡು ಉಂಟು, ಹಕ್ಕಿ ಇಲ್ಲ. ರಸ್ತೆ ಬದಿ ಕಬ್ಬಿಣದ ಪಟ್ಟಿ ಹಾಕಿದ್ದಾರೆ, ಒಂದು ಕಡೆ ಹೊಸದು, ಹೊಳೀತದೆ. ದೂರದಲ್ಲಿ ಖರ್ಜೂರದ ತೋಟ ಕಾಣ್ತದೆ, ಹಸುರು. ಕೆಳಗೆ ಮರಳಲ್ಲಿ ಸಣ್ಣ ಸಣ್ಣ ಹಳದಿ ಹೂ ಬಿಟ್ಟಿದೆ, ಮೊನ್ನೆ ಮಳೆ ಬಂದಿತ್ತಲ್ಲ."

ಆ ಕಡೆಯಿಂದ ಸಣ್ಣ ದನಿಯೊಂದು ಕೇಳಿತು. "ಅಂಕಲ್, ಅಲ್ಲಿ ಈಗ ಬೆಳಕಿದೆಯಾ?"

"ಉಂಟು ಮಗಾ. ಒಳ್ಳೆ ಬಿಸಿಲು."

"ಆವತ್ತೂ ಇತ್ತಾ?"

ಸ್ಯಾಮ್ಸನ್ ಆಕಾಶ ನೋಡಿದ. ಎಲ್ಲಿಯೂ ಒಂದು ಮೋಡವಿರಲಿಲ್ಲ.

"ಆವತ್ತೂ ಇತ್ತು. ಇಷ್ಟೇ ಬಿಸಿಲಿತ್ತು," ಎಂದ. ಸಿಂಚನಾ ಇನ್ನೂ ಹೇಳಿ ಎಂದಳು. ಅವನು ಮತ್ತೆ ತಂತಿಬೇಲಿಯಿಂದ ಶುರುಮಾಡಿ, ಕಂಬಗಳನ್ನು ಒಂದೊಂದಾಗಿ ಎಣಿಸುತ್ತ, ಒಂಟೆಗಳು ಎಲ್ಲಿಗೆ ಸರಿದವು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳುತ್ತ ರಸ್ತೆಯ ಬದಿಯಲ್ಲಿ ನಡೆದ. ಅರ್ಧ ಗಂಟೆಯ ಮೇಲೆ ಚಂದ್ರಮತಿ, "ಸಾಕು ಸ್ಯಾಮ್ಸನ್ ಅವರೇ," ಎಂದಳು. ಬೇರೇನೋ ಹೇಳಲಿರುವಂತೆ ಒಂದು ಗಳಿಗೆ ತಡೆದಳು. ಆಮೇಲೆ, "ಬಿಸಿಲಲ್ಲಿ ನಿಲ್ಬೇಡಿ, ಮನೆಗೆ ಹೋಗಿ," ಎಂದು ಫೋನ್ ಇಟ್ಟಳು.